ಮಕ್ಕಳಾಗಲು ಐವಿಎಫ್ ಒಂದೇ ದಾರಿಯೇ? ಅದಕ್ಕೂ ಮುಂಚಿನ ಸರಳ ಚಿಕಿತ್ಸೆಗಳು ಯಾವುವು?

ಮದುವೆಯಾಗಿ ಎರಡು-ಮೂರು ವರ್ಷವಾದರೂ ಮಕ್ಕಳಾಗದ ದಂಪತಿಯ ಫೋನಿಗೆ ಸಾಮಾನ್ಯವಾಗಿ ಎರಡು ಬಗೆಯ ಸಂದೇಶಗಳು ಬರುತ್ತವೆ. ಒಂದು, ಯಾವುದೋ ಬೇರು, ಬೀಜ, ಎಲೆ ಕುದಿಸಿ ಇಷ್ಟು ದಿನ ಕುಡಿದರೆ ಗರ್ಭ ನಿಲ್ಲುವುದು ಖಂಡಿತ ಎನ್ನುವ ಫಾರ್ವರ್ಡ್. ಇನ್ನೊಂದು, ಐವಿಎಫ್‌ಗೆ ರಿಯಾಯಿತಿ, ಸುಲಭ ಕಂತು ಎನ್ನುವ ಜಾಹೀರಾತು. ಮೊದಲನೆಯದನ್ನು ನಂಬಿದವರು ವರ್ಷಗಳನ್ನು ಕಳೆದುಕೊಳ್ಳುತ್ತಾರೆ. ಎರಡನೆಯದನ್ನು ನೋಡಿ ಹೆದರಿದವರು "ನಮ್ಮ ಕೈಲಿ ಅಷ್ಟು ದುಡ್ಡು ಎಲ್ಲಿದೆ" ಎಂದು ವೈದ್ಯರ ಬಳಿಗೇ ಹೋಗುವುದಿಲ್ಲ.

ಈ ಎರಡರ ನಡುವೆ ದೊಡ್ಡ ಜಾಗವೇ ಇದೆ. ಮಾತ್ರೆ, ಸರಳ ಪರೀಕ್ಷೆ, ಹೊಟ್ಟೆ ಕೊಯ್ಯದ ಸಣ್ಣ ಚಿಕಿತ್ಸೆ, ಐಯುಐ ಇವೆಲ್ಲ ಅಲ್ಲಿವೆ. ಅನೇಕ ದಂಪತಿಗಳಿಗೆ ಇಷ್ಟರಲ್ಲೇ ಮಗುವಾಗುತ್ತದೆ. ಕೆಲವರಿಗೆ ಇವು ಉಪಯೋಗಕ್ಕೆ ಬರುವುದಿಲ್ಲ, ಅಂಥವರು ಇಲ್ಲಿ ಕಾಲ ಕಳೆಯಬಾರದು. ನೀವು ಯಾವ ಗುಂಪಿಗೆ ಸೇರುತ್ತೀರಿ ಎಂದು ತಿಳಿಯುವುದು ಹೇಗೆ? ಬನ್ನಿ, ಒಂದೊಂದಾಗಿ ನೋಡೋಣ.

ಯಾವಾಗ ಇದನ್ನು ಸಮಸ್ಯೆ ಎನ್ನಬೇಕು?

ಯಾವ ಗರ್ಭನಿರೋಧಕವನ್ನೂ ಬಳಸದೆ, ನಿಯಮಿತವಾಗಿ ಕೂಡಿದರೂ 12 ತಿಂಗಳಲ್ಲಿ ಗರ್ಭ ನಿಲ್ಲದಿದ್ದರೆ ಅದನ್ನು ಸಂತಾನಹೀನತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಕರೆಯುತ್ತದೆ. ಇದು ಅಪರೂಪದ ಸಂಗತಿಯಲ್ಲ. ಜಗತ್ತಿನ ವಯಸ್ಕರಲ್ಲಿ ಸುಮಾರು 17.5 ಶೇಕಡಾ ಜನ, ಅಂದರೆ ಆರರಲ್ಲಿ ಒಬ್ಬರು, ಬದುಕಿನ ಯಾವುದೋ ಘಟ್ಟದಲ್ಲಿ ಇದನ್ನು ಎದುರಿಸುತ್ತಾರೆ ಎಂದು ಅದೇ ಸಂಸ್ಥೆ 2023ರಲ್ಲಿ ಹೇಳಿದೆ.

ಹಾಗೆಂದು ಮದುವೆಯಾದ ಮೂರನೇ ತಿಂಗಳಿಗೇ "ಇನ್ನೂ ಏನೂ ಇಲ್ವಾ?" ಎಂದು ಕೇಳುವ ನೆಂಟರ ಮಾತಿಗೆ ಗಾಬರಿಯಾಗಬೇಕಿಲ್ಲ. ನೂರು ದಂಪತಿಗಳಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿಗೆ ಮೊದಲ ವರ್ಷದಲ್ಲೇ ಗರ್ಭ ನಿಲ್ಲುತ್ತದೆ. ಉಳಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಎರಡನೇ ವರ್ಷದಲ್ಲಿ, ಯಾವ ಚಿಕಿತ್ಸೆಯೂ ಇಲ್ಲದೆ, ಗರ್ಭ ನಿಲ್ಲುತ್ತದೆ.

ಆದರೆ ಎಲ್ಲರೂ ಒಂದು ವರ್ಷ ಕಾಯಬೇಕೆಂದಿಲ್ಲ. ಹೆಣ್ಣಿನ ವಯಸ್ಸು 35 ದಾಟಿದ್ದರೆ ಆರು ತಿಂಗಳ ಬಳಿಕವೇ ವೈದ್ಯರನ್ನು ಕಾಣಬೇಕು. 40 ದಾಟಿದ್ದರೆ ಕಾಯುವುದೇ ಬೇಡ. ಮುಟ್ಟು ಎರಡು-ಮೂರು ತಿಂಗಳಿಗೊಮ್ಮೆ ಬರುವವರು, ಮುಟ್ಟಿನಲ್ಲಿ ತಡೆಯಲಾರದ ನೋವಿರುವವರು, ಹಿಂದೆ ಕ್ಷಯ ಅಥವಾ ಹೊಟ್ಟೆಯ ಆಪರೇಷನ್ ಆದವರು, ಕ್ಯಾನ್ಸರ್ ಚಿಕಿತ್ಸೆ ಪಡೆದವರು, ವೃಷಣದ ತೊಂದರೆ ಇದ್ದ ಗಂಡಸರು ಕೂಡ ಬೇಗ ಹೋಗುವುದು ಒಳ್ಳೆಯದು.

ಪರೀಕ್ಷೆ ಇಬ್ಬರಿಗೂ, ಒಟ್ಟಿಗೇ

ನಮ್ಮ ಭಾಷೆಯಲ್ಲಿ "ಬಂಜೆ" ಎಂಬ ಮಾತು ಹೆಣ್ಣಿಗೆ ಮಾತ್ರ ಇದೆ. ಗಂಡಸಿಗೆ ಅದಕ್ಕೆ ಸಮನಾದ ಮಾತು ಬಳಕೆಯಲ್ಲಿ ಇಲ್ಲ. ಚಿಕಿತ್ಸೆಯೂ ಹಲವು ಮನೆಗಳಲ್ಲಿ ಹೀಗೇ ನಡೆಯುತ್ತದೆ. ಹೆಂಡತಿಗೆ ಹತ್ತು ಸ್ಕ್ಯಾನ್, ಇಪ್ಪತ್ತು ರಕ್ತಪರೀಕ್ಷೆ ಆಗಿರುತ್ತವೆ, ಗಂಡನಿಗೆ ಒಂದು ಪರೀಕ್ಷೆಯೂ ಆಗಿರುವುದಿಲ್ಲ. ವಾಸ್ತವ ಏನೆಂದರೆ, ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಡೆಯ ಕಾರಣವೂ ಇರುತ್ತದೆ. ಕೆಲವರಲ್ಲಿ ಅದೊಂದೇ ಕಾರಣ, ಕೆಲವರಲ್ಲಿ ಇಬ್ಬರದೂ ಸೇರಿರುತ್ತದೆ.

ವೀರ್ಯ ಪರೀಕ್ಷೆ ಇಡೀ ಪಟ್ಟಿಯಲ್ಲೇ ಅಗ್ಗದ, ನೋವಿಲ್ಲದ ಪರೀಕ್ಷೆ. ಸೂಜಿ ಇಲ್ಲ, ಸ್ಕ್ಯಾನ್ ಇಲ್ಲ. ಎರಡರಿಂದ ಏಳು ದಿನ ವೀರ್ಯ ಹೊರಹೋಗದಂತೆ ಇದ್ದು ಮಾದರಿ ಕೊಡಬೇಕು, ಅದು ಒಂದು ಗಂಟೆಯೊಳಗೆ ಲ್ಯಾಬ್ ತಲುಪಬೇಕು. 2021ರ ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯ ಪ್ರಕಾರ ಕೆಳಗಿನ ಮಿತಿ ಹೀಗಿದೆ: ವೀರ್ಯದ ಪ್ರಮಾಣ 1.4 ಮಿಲಿ ಲೀಟರ್, ಪ್ರತಿ ಮಿಲಿ ಲೀಟರಿಗೆ 1.6 ಕೋಟಿ ವೀರ್ಯಾಣು, ಅದರಲ್ಲಿ 42 ಶೇಕಡಾ ಚಲಿಸುತ್ತಿರಬೇಕು, 4 ಶೇಕಡಾ ಸರಿಯಾದ ಆಕಾರದಲ್ಲಿರಬೇಕು. ಹೌದು, ನಾಲ್ಕೇ ಶೇಕಡಾ. "ನಿಮ್ಮ ವೀರ್ಯಾಣುಗಳಲ್ಲಿ 95 ಶೇಕಡಾ ಕೆಟ್ಟಿವೆ" ಎಂದು ಯಾರಾದರೂ ಹೆದರಿಸಿದರೆ ಅದೂ ಈ ಮಿತಿಯೊಳಗೇ ಬರುತ್ತದೆ ಎಂಬುದು ನೆನಪಿರಲಿ. ಈ ಮಿತಿಗಿಂತ ಸ್ವಲ್ಪ ಕೆಳಗಿದ್ದರೆ ಮಕ್ಕಳೇ ಆಗುವುದಿಲ್ಲ ಎಂದೂ ಅರ್ಥವಲ್ಲ.

ಮೊದಲ ವರದಿ ಸರಿಯಿಲ್ಲದಿದ್ದರೆ ಮತ್ತೊಮ್ಮೆ ಮಾಡಿಸಬೇಕು. ಒಂದು ವೀರ್ಯಾಣು ತಯಾರಾಗಲು ಎರಡು ತಿಂಗಳಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಹೋದ ತಿಂಗಳು ಬಂದ ಜ್ವರ ಈ ತಿಂಗಳ ವರದಿಯನ್ನು ಕೆಡಿಸಿರಬಹುದು. ಇನ್ನೊಂದು ಮಾತು: ಗಂಡಸುತನಕ್ಕೂ ವೀರ್ಯಾಣುವಿನ ಸಂಖ್ಯೆಗೂ ಸಂಬಂಧವಿಲ್ಲ. ಲೈಂಗಿಕ ಶಕ್ತಿ ಸರಿಯಾಗಿರುವವರ ವೀರ್ಯದಲ್ಲೂ ವೀರ್ಯಾಣು ಕಡಿಮೆ ಇರಬಹುದು. ಇದು ಅವಮಾನದ ವಿಷಯವಲ್ಲ, ಸಕ್ಕರೆ ಕಾಯಿಲೆಯ ವರದಿ ಇದ್ದ ಹಾಗೆ ಇದೂ ಒಂದು ವರದಿ.

ಹೆಣ್ಣಿಗೆ ಮೊದಲ ಹಂತದಲ್ಲಿ ಬೇಕಾಗುವುದು ಮುಟ್ಟಿನ ವಿವರ, ಒಂದು ಸ್ಕ್ಯಾನ್, ಥೈರಾಯ್ಡ್ ಮುಂತಾದ ಕೆಲವು ರಕ್ತಪರೀಕ್ಷೆಗಳು, ಆಮೇಲೆ ಗರ್ಭನಾಳ ತೆರೆದಿದೆಯೇ ಎಂಬ ಪರೀಕ್ಷೆ. ಇಬ್ಬರ ಮೊದಲ ಪರೀಕ್ಷೆಗಳು ಮುಗಿಯುವ ಮುನ್ನವೇ ಐವಿಎಫ್ ಪ್ಯಾಕೇಜ್ ಬರೆದುಕೊಟ್ಟರೆ ಅಲ್ಲಿ ನಿಂತು ಪ್ರಶ್ನೆ ಕೇಳುವುದು ನಿಮ್ಮ ಹಕ್ಕು.

ಮೊದಲ ಮೆಟ್ಟಿಲು: ದಿನ, ತೂಕ, ಹಾರ್ಮೋನು

ಗರ್ಭ ನಿಲ್ಲುವುದು ತಿಂಗಳಲ್ಲಿ ಸುಮಾರು ಆರು ದಿನಗಳಲ್ಲಿ ಮಾತ್ರ. ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದರ ಹಿಂದಿನ ಐದು ದಿನ. ವೀರ್ಯಾಣು ಹೆಣ್ಣಿನ ದೇಹದಲ್ಲಿ ಕೆಲವು ದಿನ ಬದುಕಬಲ್ಲದು, ಆದರೆ ಅಂಡಾಣುವಿನ ಆಯುಸ್ಸು ಒಂದು ದಿನದಷ್ಟು ಮಾತ್ರ. ಮುಟ್ಟಿನ ಚಕ್ರ 28 ದಿನದ್ದಾಗಿದ್ದರೆ ಅಂಡಾಣು ಹೊರಬರುವುದು 14ನೇ ದಿನದ ಆಸುಪಾಸು. ಆದರೆ ಚಕ್ರ 35 ದಿನದ್ದಾಗಿದ್ದರೆ ಅದು 21ನೇ ದಿನದ ಹತ್ತಿರ. ಎಲ್ಲರಿಗೂ "14ನೇ ದಿನ" ಎಂಬ ಫಾರ್ವರ್ಡ್ ಇಲ್ಲಿಯೇ ತಪ್ಪುತ್ತದೆ. ದಿನ ಎಣಿಸುವ ತಲೆಬಿಸಿ ಬೇಡವೆನ್ನುವವರು ಎರಡು-ಮೂರು ದಿನಕ್ಕೊಮ್ಮೆ ಕೂಡಿದರೆ ಸಾಕು. "ವೀರ್ಯ ಗಟ್ಟಿಯಾಗಲಿ" ಎಂದು ಹದಿನೈದು ದಿನ ಕೂಡಿಡುವುದರಿಂದ ಲಾಭವಿಲ್ಲ.

ಕೆಲಸಕ್ಕಾಗಿ ಬೇರೆ ಬೇರೆ ಊರಿನಲ್ಲಿರುವ ದಂಪತಿಗಳು ಎಷ್ಟೋ ಇದ್ದಾರೆ. ಗಂಡ ಬೆಂಗಳೂರಿನಲ್ಲೋ ಕೊಲ್ಲಿ ದೇಶದಲ್ಲೋ ಇದ್ದು ಹೆಂಡತಿ ಊರಿನಲ್ಲಿದ್ದರೆ ಮೊದಲು ಸರಿಯಾಗಬೇಕಾದದ್ದು ಯಾವುದು ಎಂದು ಹೇಳಬೇಕಿಲ್ಲ. ಹಾಗೆಯೇ, ನೋವು ಅಥವಾ ಭಯದಿಂದ ಸರಿಯಾಗಿ ಕೂಡಲೇ ಆಗದ ದಂಪತಿಗಳೂ ಇದ್ದಾರೆ. ಮನೆಯವರಿಗೆ ಹೇಳಲಾಗದೆ ವರ್ಷಗಟ್ಟಲೆ ಪರೀಕ್ಷೆಗಳಿಗೆ ಅಲೆಯುತ್ತಾರೆ. ವೈದ್ಯರಿಗೆ ಇದನ್ನು ಹೇಳಲೇಬೇಕು. ಆಪ್ತಸಮಾಲೋಚನೆ ಮತ್ತು ಸರಳ ಚಿಕಿತ್ಸೆಯಿಂದ ಸರಿಹೋಗುವ ತೊಂದರೆ ಇದು.

ತೂಕ ಹೆಚ್ಚಿದ್ದು ಪಿಸಿಓಎಸ್ ಇರುವ ಹೆಣ್ಣುಮಕ್ಕಳಲ್ಲಿ 5ರಿಂದ 10 ಶೇಕಡಾ ತೂಕ ಇಳಿದರೂ ಎಷ್ಟೋ ಸಲ ಮುಟ್ಟು ತಾನಾಗಿ ಸರಿದಾರಿಗೆ ಬರುತ್ತದೆ. 70 ಕೆಜಿ ಇರುವವರಿಗೆ ಇದು ಮೂರೂವರೆಯಿಂದ ಏಳು ಕೆಜಿ. ಥೈರಾಯ್ಡ್ ಕಡಿಮೆ ಇದ್ದರೆ ದಿನಕ್ಕೊಂದು ಮಾತ್ರೆ, ಪ್ರೊಲ್ಯಾಕ್ಟಿನ್ ಹಾರ್ಮೋನು ಹೆಚ್ಚಿದ್ದರೆ ವಾರಕ್ಕೆ ಒಂದೆರಡು ಸಲ ತೆಗೆದುಕೊಳ್ಳುವ ಮಾತ್ರೆ ಸಾಕಾಗಬಹುದು. ಬೀಡಿ, ಸಿಗರೇಟು, ಗುಟ್ಕಾ, ಅತಿಯಾದ ಮದ್ಯ ಇಬ್ಬರಿಗೂ ಹಾನಿ. ಗರ್ಭಕ್ಕೆ ಪ್ರಯತ್ನಿಸುವ ಪ್ರತಿ ಹೆಣ್ಣೂ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭ ನಿಲ್ಲುವ ಮುಂಚಿನಿಂದಲೇ ತೆಗೆದುಕೊಳ್ಳಬೇಕು. ಇದು ಗರ್ಭ ನಿಲ್ಲಿಸುವ ಔಷಧಿಯಲ್ಲ, ಹುಟ್ಟುವ ಮಗುವಿನ ಬೆನ್ನುಹುರಿಯ ದೋಷ ತಡೆಯಲು.

ಎರಡನೇ ಮೆಟ್ಟಿಲು: ಅಂಡಾಣು ಬಿಡುಗಡೆಗೆ ಮಾತ್ರೆ

ಪಿಸಿಓಎಸ್‌ನಲ್ಲಿ ಅಂಡಾಶಯದೊಳಗೆ ಅಂಡಾಣುಗಳಿಗೆ ಕೊರತೆ ಇಲ್ಲ, ಅವು ಬೆಳೆದು ಹೊರಗೆ ಬರುವುದಿಲ್ಲ ಅಷ್ಟೆ. ಇದಕ್ಕೆ ಐದು ದಿನಗಳ ಮಾತ್ರೆ ಇದೆ. ಸಾಮಾನ್ಯವಾಗಿ ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಶುರುಮಾಡುತ್ತಾರೆ. ಮುಖ್ಯವಾಗಿ ಎರಡು ಔಷಧಿಗಳು ಬಳಕೆಯಲ್ಲಿವೆ, ಕ್ಲೋಮಿಫಿನ್ ಮತ್ತು ಲೆಟ್ರೊಜೋಲ್.

ಲೆಟ್ರೊಜೋಲ್ ಬಗ್ಗೆ ಒಂದು ಭಯ ಹರಿದಾಡುತ್ತಿದೆ. "ಇದು ಕ್ಯಾನ್ಸರ್ ಮಾತ್ರೆ, ಡಾಕ್ಟರ್ ಮೋಸ ಮಾಡಿ ಕೊಡುತ್ತಿದ್ದಾರೆ, ಸರ್ಕಾರ ನಿಷೇಧಿಸಿದೆ" ಎಂಬ ಭಯ. ಇದರಲ್ಲಿ ಅರ್ಧ ಸತ್ಯವಿದೆ. ಲೆಟ್ರೊಜೋಲ್ ಮೂಲತಃ ಸ್ತನ ಕ್ಯಾನ್ಸರ್‌ಗೆ ಬಂದ ಔಷಧಿ. ಭಾರತ ಸರ್ಕಾರ 2011ರಲ್ಲಿ ಸಂತಾನಹೀನತೆಗೆ ಅದನ್ನು ಕೊಡಬಾರದೆಂದು ನಿಷೇಧಿಸಿದ್ದೂ ನಿಜ. ಆದರೆ 2017ರಲ್ಲಿ ಆ ನಿಷೇಧ ತೆರವಾಯಿತು. ಫಾರ್ವರ್ಡ್‌ಗಳಲ್ಲಿ ಈ ಎರಡನೇ ಭಾಗ ಇರುವುದಿಲ್ಲ.

ಹುಟ್ಟುವ ಮಗುವಿಗೆ ದೋಷ ಬರುತ್ತದೆಯೇ ಎಂಬ ಅನುಮಾನ 2005ರಲ್ಲಿ ಒಂದು ಸಣ್ಣ ವರದಿಯಿಂದ ಹುಟ್ಟಿತು. ಮರುವರ್ಷವೇ ಕೆನಡಾದಲ್ಲಿ 911 ನವಜಾತ ಶಿಶುಗಳನ್ನು ಪರಿಶೀಲಿಸಿದಾಗ, ಲೆಟ್ರೊಜೋಲ್ ಗುಂಪಿನಲ್ಲಿ ದೋಷಗಳು ಕ್ಲೋಮಿಫಿನ್ ಗುಂಪಿಗಿಂತ ಹೆಚ್ಚೇನೂ ಕಾಣಲಿಲ್ಲ. ಈ ಮಾತ್ರೆಯನ್ನು ಮುಟ್ಟಿನ ಆರಂಭದ ದಿನಗಳಲ್ಲಿ ಮಾತ್ರ ಕೊಡುವುದರಿಂದ, ಗರ್ಭ ಕಟ್ಟುವ ಹೊತ್ತಿಗೆ ಬಹುಪಾಲು ದೇಹದಿಂದ ಹೊರಹೋಗಿರುತ್ತದೆ. ಆದರೆ ಗರ್ಭಿಣಿಯಾದ ಮೇಲೆ ಇದನ್ನು ತೆಗೆದುಕೊಳ್ಳಬಾರದು, ಅದಕ್ಕೇ ಶುರುಮಾಡುವ ಮುನ್ನ ಗರ್ಭವಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ.

ಕೆಲಸ ಮಾಡುತ್ತದೆಯೇ? ಅಮೆರಿಕದಲ್ಲಿ ಪಿಸಿಓಎಸ್ ಇರುವ 750 ಮಹಿಳೆಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐದು ತಿಂಗಳ ಚಕ್ರದೊಳಗೆ ಲೆಟ್ರೊಜೋಲ್ ಪಡೆದವರಲ್ಲಿ 27.5 ಶೇಕಡಾ, ಕ್ಲೋಮಿಫಿನ್ ಪಡೆದವರಲ್ಲಿ 19.1 ಶೇಕಡಾ ಮಂದಿಗೆ ಮಗು ಹುಟ್ಟಿತು. ಪಿಸಿಓಎಸ್ ಕುರಿತ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಈಗ ಲೆಟ್ರೊಜೋಲನ್ನೇ ಮೊದಲ ಆಯ್ಕೆ ಎನ್ನುತ್ತದೆ. ಅಂದರೆ ಕೆಲವು ಮಾತ್ರೆಗಳಿಂದಲೇ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ಮಡಿಲು ತುಂಬಿತು. ಇಲ್ಲಿ ಆಪರೇಷನ್ ಇಲ್ಲ, ಅರಿವಳಿಕೆಯೂ ಇಲ್ಲ.

ಎಚ್ಚರ ಬೇಕಾದದ್ದು ಎರಡು ಕಡೆ. ಮೆಡಿಕಲ್ ಶಾಪಿನಲ್ಲಿ ಪರಿಚಯದವರ ಚೀಟಿ ತೋರಿಸಿ ಈ ಮಾತ್ರೆ ತಂದು ನುಂಗಬೇಡಿ, ಅವಳಿ ಗರ್ಭದ ಸಾಧ್ಯತೆ ಹೆಚ್ಚುತ್ತದೆ, ಡೋಸ್ ಸ್ಕ್ಯಾನ್ ನೋಡಿ ನಿರ್ಧಾರವಾಗಬೇಕು. ಎರಡನೆಯದಾಗಿ, ವರ್ಷಗಟ್ಟಲೆ ಒಂದೇ ಮಾತ್ರೆ ನುಂಗುತ್ತಾ ಇರಬೇಡಿ. ಆರು ಚಕ್ರ ದಾಟಿದರೂ ಫಲ ಸಿಗದಿದ್ದರೆ ಮುಂದೇನು ಎಂದು ವೈದ್ಯರನ್ನು ಕೇಳಿ. ಮಾತ್ರೆ ಸಾಲದವರಿಗೆ ಇಂಜೆಕ್ಷನ್ ಕೊಡುವುದುಂಟು. ಆಗ ಹೊಟ್ಟೆ ಉಬ್ಬುವುದು, ವಾಂತಿ, ಮೂತ್ರ ಕಡಿಮೆಯಾಗುವುದು, ಉಸಿರಾಟದ ತೊಂದರೆ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಅದು ಅಂಡಾಶಯ ಅತಿಯಾಗಿ ಪ್ರಚೋದನೆಗೊಂಡ ಲಕ್ಷಣ.

ಮೂರನೇ ಮೆಟ್ಟಿಲು: ಗರ್ಭನಾಳದ ಪರೀಕ್ಷೆ

ಅಂಡಾಣುವೂ ವೀರ್ಯಾಣುವೂ ಸೇರುವ ಜಾಗ ಗರ್ಭನಾಳ, ಜನರ ಮಾತಿನಲ್ಲಿ "ಟ್ಯೂಬ್". ಅದು ತೆರೆದಿದೆಯೇ ಎಂದು ನೋಡಲು ಎಚ್‌ಎಸ್‌ಜಿ ಎಂಬ ಎಕ್ಸ್-ರೇ ಪರೀಕ್ಷೆ ಮಾಡುತ್ತಾರೆ. ಮುಟ್ಟು ನಿಂತ ಕೆಲವು ದಿನಗಳಲ್ಲಿ, ಗರ್ಭಕೋಶದ ಬಾಯಿಯ ಮೂಲಕ ಒಂದು ದ್ರವ ಬಿಟ್ಟು ಚಿತ್ರ ತೆಗೆಯುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಮುಟ್ಟಿನ ನೋವಿನಂಥ ಹಿಡಿತ ಬರಬಹುದು, ಮುಂಚೆಯೇ ನೋವಿನ ಮಾತ್ರೆ ಕೊಡುತ್ತಾರೆ, ಅದೇ ದಿನ ಮನೆಗೆ ಹೋಗಬಹುದು.

ಅಚ್ಚರಿಯ ಸಂಗತಿ ಎಂದರೆ, ಈ ಪರೀಕ್ಷೆಯೇ ಕೆಲವರಿಗೆ ಚಿಕಿತ್ಸೆಯಾಗುತ್ತದೆ. ನೆದರ್ಲೆಂಡ್ಸ್‌ನಲ್ಲಿ 1,119 ಮಹಿಳೆಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎಣ್ಣೆ ಆಧಾರದ ದ್ರವ ಬಳಸಿದವರಲ್ಲಿ 39.7 ಶೇಕಡಾ, ನೀರು ಆಧಾರದ ದ್ರವ ಬಳಸಿದವರಲ್ಲಿ 29.1 ಶೇಕಡಾ ಮಂದಿಗೆ ಆರು ತಿಂಗಳೊಳಗೆ ಗರ್ಭ ನಿಂತು ಮುಂದುವರಿಯಿತು. ಆದರೆ ಎಣ್ಣೆ ದ್ರವದಲ್ಲಿ ಅಯೋಡಿನ್ ಹೆಚ್ಚು, ಥೈರಾಯ್ಡ್ ತೊಂದರೆ ಇರುವವರು ಮೊದಲೇ ಹೇಳಬೇಕು. ಎಲ್ಲರಿಗೂ ಇದು ಹೊಂದುವುದಿಲ್ಲ.

"ಟ್ಯೂಬ್ ಬ್ಲಾಕ್" ಎಂಬ ಒಂದು ವರದಿಗೇ ಕುಸಿದು ಕೂರಬೇಡಿ. ಪರೀಕ್ಷೆಯ ಹೊತ್ತಿನಲ್ಲಿ ಸ್ನಾಯು ಬಿಗಿದರೂ ಗರ್ಭನಾಳದ ಬುಡ ಮುಚ್ಚಿದಂತೆ ಕಾಣಬಹುದು. ಒಂದು ಕಡೆ ಮುಚ್ಚಿದ್ದು ಇನ್ನೊಂದು ತೆರೆದಿದ್ದರೆ ಸಹಜವಾಗಿಯೇ ಗರ್ಭ ನಿಲ್ಲುವ ಸಾಧ್ಯತೆ ಇದೆ.

ನಮ್ಮ ದೇಶದಲ್ಲಿ ಇಲ್ಲಿ ನೆನಪಿಡಬೇಕಾದ ಇನ್ನೊಂದು ಕಾರಣ ಕ್ಷಯ. ಕ್ಷಯ ಎಂದರೆ ಎದೆಯ ಕಾಯಿಲೆ ಎಂದಷ್ಟೇ ಗೊತ್ತು. ಆದರೆ ಅದು ಗರ್ಭನಾಳ ಮತ್ತು ಗರ್ಭಕೋಶದ ಒಳಪದರಕ್ಕೂ ತಗಲುತ್ತದೆ, ಕೆಮ್ಮಿಲ್ಲದೆ, ಜ್ವರವಿಲ್ಲದೆ, ಸದ್ದಿಲ್ಲದೆ. ಖಚಿತವಾದರೆ ಔಷಧಿ ಸರ್ಕಾರಿ ಕ್ಷಯ ಕಾರ್ಯಕ್ರಮದಲ್ಲಿ ಉಚಿತ. ಬೇಗ ಸಿಕ್ಕರೆ ಹಾನಿ ಕಡಿಮೆ.

ಸಣ್ಣ ಚಿಕಿತ್ಸೆಗಳು: ದೊಡ್ಡ ಕೊಯ್ತ ಇಲ್ಲದೆ

ಗರ್ಭಕೋಶದೊಳಗೆ ಪಾಲಿಪ್ ಎಂಬ ಸಣ್ಣ ಗಂಟು ಅಥವಾ ಒಳಕ್ಕೆ ಚಾಚಿದ ಫೈಬ್ರಾಯ್ಡ್ ಇದ್ದರೆ ಹಿಸ್ಟರೋಸ್ಕೋಪಿ ಮಾಡಿ ತೆಗೆಯಬಹುದು. ತೆಳುವಾದ ಕ್ಯಾಮೆರಾ ಯೋನಿಮಾರ್ಗದಿಂದಲೇ ಒಳಹೋಗುತ್ತದೆ, ಹೊಟ್ಟೆಯ ಮೇಲೆ ಹೊಲಿಗೆಯೇ ಇರುವುದಿಲ್ಲ. ಎಂಡೊಮೆಟ್ರಿಯೋಸಿಸ್ ಇದ್ದು ವಿಪರೀತ ನೋವಿರುವ ಕೆಲವರಿಗೆ ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್, ಬೇಕಾಗಬಹುದು. ಆದರೆ "ಎಲ್ಲರಿಗೂ ಒಮ್ಮೆ ಲ್ಯಾಪರೋಸ್ಕೋಪಿ ಮಾಡಿ ನೋಡೋಣ" ಎನ್ನುವುದು ಸರಿಯಾದ ಕ್ರಮವಲ್ಲ. ಯಾಕೆ ಬೇಕು ಎಂಬುದಕ್ಕೆ ಕಾರಣ ಇರಬೇಕು.

ಗಂಡಸರಲ್ಲಿ ವೃಷಣದ ರಕ್ತನಾಳಗಳು ಉಬ್ಬಿಕೊಳ್ಳುವ ವೆರಿಕೋಸೀಲ್ ಸಾಮಾನ್ಯ. ಕೈಗೆ ಸಿಗುವಷ್ಟು ದೊಡ್ಡದಿದ್ದು, ವೀರ್ಯದ ವರದಿಯೂ ಸರಿಯಿಲ್ಲದಿದ್ದರೆ, ಸಣ್ಣ ಆಪರೇಷನ್‌ನಿಂದ ಸುಧಾರಣೆ ಸಿಗಬಹುದು. ಸ್ಕ್ಯಾನಿನಲ್ಲಿ ಮಾತ್ರ ಕಾಣುವ ಸಣ್ಣ ವೆರಿಕೋಸೀಲ್‌ಗೆ ಆಪರೇಷನ್ ಬೇಕಾಗುವುದಿಲ್ಲ.

ನಾಲ್ಕನೇ ಮೆಟ್ಟಿಲು: ಐಯುಐ

ಐಯುಐ ಮತ್ತು ಐವಿಎಫ್ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ. ಐವಿಎಫ್‌ನಲ್ಲಿ ಅಂಡಾಣುವನ್ನು ಸೂಜಿಯಿಂದ ಹೊರತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡುತ್ತಾರೆ. ಐಯುಐನಲ್ಲಿ ಅಂಡಾಣುವನ್ನು ಯಾರೂ ಮುಟ್ಟುವುದಿಲ್ಲ. ಗಂಡನ ವೀರ್ಯವನ್ನು ಲ್ಯಾಬಿನಲ್ಲಿ ತೊಳೆದು, ಚುರುಕಾಗಿ ಚಲಿಸುವ ವೀರ್ಯಾಣುಗಳನ್ನು ಬೇರ್ಪಡಿಸಿ, ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ ತೆಳು ಕೊಳವೆಯ ಮೂಲಕ ಗರ್ಭಕೋಶದೊಳಗೆ ಬಿಡುತ್ತಾರೆ. ಮುಂದಿನದೆಲ್ಲ ದೇಹದೊಳಗೇ ನಡೆಯುತ್ತದೆ. ಐದು-ಹತ್ತು ನಿಮಿಷದ ಕೆಲಸ, ಅರಿವಳಿಕೆ ಬೇಡ, ಅಂದೇ ಮನೆಗೆಲಸ, ಆಫೀಸು ಎಲ್ಲವೂ ಮಾಡಬಹುದು. ಖರ್ಚೂ ಐವಿಎಫ್‌ನ ಒಂದು ಸಣ್ಣ ಪಾಲು.

ಐಯುಐ ಆಗಬೇಕಾದರೆ ಕನಿಷ್ಠ ಒಂದು ಗರ್ಭನಾಳ ತೆರೆದಿರಬೇಕು, ಸಾಕಷ್ಟು ಚಲಿಸುವ ವೀರ್ಯಾಣುಗಳಿರಬೇಕು. ಎಲ್ಲ ವರದಿಗಳೂ ಸರಿಯಿದ್ದೂ ಗರ್ಭ ನಿಲ್ಲದವರಿಗೆ, ಸೌಮ್ಯ ಪುರುಷ ಸಮಸ್ಯೆ ಇರುವವರಿಗೆ, ಕೂಡಲು ತೊಂದರೆ ಇರುವವರಿಗೆ ಇದನ್ನು ಸೂಚಿಸುತ್ತಾರೆ.

ಒಂದು ಸಲಕ್ಕೆ ಯಶಸ್ಸು ಕಡಿಮೆಯೇ, ಸುಮಾರು ಹತ್ತರಲ್ಲಿ ಒಂದು. "ಒಂದು ಸಲ ಮಾಡಿಸಿದೆವು, ಆಗಲಿಲ್ಲ, ಐಯುಐ ಸುಳ್ಳು" ಎನ್ನುವವರು ಇದನ್ನು ತಿಳಿದಿರಬೇಕು. ಅದನ್ನು ಮೂರು-ನಾಲ್ಕು ಸಲ ಸೇರಿಸಿ ನೋಡಬೇಕು. ನ್ಯೂಜಿಲೆಂಡಿನಲ್ಲಿ ಕಾರಣವೇ ಗೊತ್ತಾಗದ ಸಂತಾನಹೀನತೆಯ 201 ದಂಪತಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅಂಡಾಣು ಬಿಡುಗಡೆಯ ಮಾತ್ರೆಯ ಜೊತೆ ಮೂರು ಐಯುಐ ಪಡೆದವರಲ್ಲಿ 31 ಶೇಕಡಾ ಮಂದಿಗೆ ಮಗು ಹುಟ್ಟಿತು. ಸುಮ್ಮನೆ ಕಾದವರಲ್ಲಿ 9 ಶೇಕಡಾ ಮಾತ್ರ. ಮೂರು-ನಾಲ್ಕು ಸಲ ಆದ ಮೇಲೂ ಫಲ ಸಿಗದಿದ್ದರೆ ಎಂಟು-ಹತ್ತು ಐಯುಐ ಮಾಡಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ. ಆಗ ಮುಂದಿನ ಹೆಜ್ಜೆ ಯೋಚಿಸಬೇಕು.

ಯಾರು ಮೆಟ್ಟಿಲು ಹತ್ತುತ್ತಾ ಕೂರಬಾರದು?

ಸರಳ ಚಿಕಿತ್ಸೆ ಎಲ್ಲರಿಗೂ ಒಳ್ಳೆಯದು ಎಂದು ಹೇಳಿದರೆ ಅದೂ ಇನ್ನೊಂದು ತಪ್ಪು ಫಾರ್ವರ್ಡ್ ಆಗುತ್ತದೆ. ಎರಡೂ ಗರ್ಭನಾಳ ಮುಚ್ಚಿದ್ದರೆ ಐಯುಐ ವ್ಯರ್ಥ. ವೀರ್ಯಾಣು ತೀರಾ ಕಡಿಮೆ ಇದ್ದರೂ ಅಷ್ಟೇ. ಅಂಡಾಣು ಸಂಗ್ರಹ ಬೇಗ ಮುಗಿಯುತ್ತಿದ್ದರೆ ತಿಂಗಳುಗಳಿಗೂ ಬೆಲೆ ಇದೆ.

ಎಲ್ಲಕ್ಕಿಂತ ಮುಖ್ಯ ವಯಸ್ಸು. ಅಮೆರಿಕದಲ್ಲಿ 38ರಿಂದ 42 ವಯಸ್ಸಿನ ಮಹಿಳೆಯರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐಯುಐಯಿಂದ ಶುರುಮಾಡಿದವರಿಗಿಂತ ನೇರ ಐವಿಎಫ್‌ಗೆ ಹೋದವರು ಕಡಿಮೆ ಸುತ್ತಿನ ಚಿಕಿತ್ಸೆಯಲ್ಲಿ ಗರ್ಭಿಣಿಯರಾದರು. 28ರ ವಯಸ್ಸಿನವರಿಗೆ ಹೇಳುವ "ಇನ್ನೊಂದು ವರ್ಷ ನೋಡೋಣ" ಎಂಬ ಮಾತನ್ನು 39ರವರಿಗೆ ಹೇಳಬಾರದು. ಅಂಡಾಣುವಿನ ವಯಸ್ಸನ್ನು ಹಿಂದಕ್ಕೆ ತಿರುಗಿಸುವ ಔಷಧಿ ಯಾವ ಪದ್ಧತಿಯಲ್ಲೂ ಇಲ್ಲ.

ಐವಿಎಫ್ ಕೂಡ ಹಿಂದಿನಷ್ಟು ಭಾರದ ಚಿಕಿತ್ಸೆಯಾಗಿ ಉಳಿದಿಲ್ಲ. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಾಗ, ಅಂಡಾಣು ತೆಗೆಯಲು ತಾಯಿಗೆ ಲ್ಯಾಪರೋಸ್ಕೋಪಿ ಮಾಡಬೇಕಾಗಿತ್ತು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖರ್ಜಿ ಅವರ ಪ್ರಯತ್ನದಿಂದ ಮಗು ಹುಟ್ಟಿತು. ಅವರು ಯೋನಿಮಾರ್ಗದ ಮೂಲಕವೇ ಅಂಡಾಣು ತೆಗೆದಿದ್ದರು. ಇವತ್ತು ಸ್ಕ್ಯಾನ್ ನೋಡುತ್ತಾ ಯೋನಿಮಾರ್ಗದಿಂದ ಸೂಜಿ ಹಾಕಿ ತೆಗೆಯುತ್ತಾರೆ, ಅದೇ ದಿನ ಮನೆಗೆ ಹೋಗಬಹುದು. ಇಂಜೆಕ್ಷನ್ ಕಡಿಮೆ ಇರುವ ಸೌಮ್ಯ ಐವಿಎಫ್ ವಿಧಾನವೂ ಕೆಲವರಿಗೆ ಹೊಂದುತ್ತದೆ. ಐವಿಎಫ್ ಬೇಕಾದವರು ಅದಕ್ಕೆ ಹೆದರಬೇಕಾಗಿಲ್ಲ. ಬೇಡದವರಿಗೆ ಅದನ್ನು ಮೊದಲೇ ಮಾರಬಾರದು.

ಹರಿದಾಡುವ ಸಂದೇಶಗಳು ಮತ್ತು ವಾಸ್ತವ

ಸಂದೇಶ: ಸತುವಿನ ಮಾತ್ರೆ, ಪುಡಿ ತಿಂದರೆ ವೀರ್ಯಾಣು ದುಪ್ಪಟ್ಟು.
ವಾಸ್ತವ: ಅಮೆರಿಕದಲ್ಲಿ 2,370 ದಂಪತಿಗಳ ಅಧ್ಯಯನದಲ್ಲಿ (2020) ಗಂಡಂದಿರಿಗೆ ಸತು ಮತ್ತು ಫೋಲಿಕ್ ಆಮ್ಲ ಕೊಟ್ಟಾಗ 34 ಶೇಕಡಾ, ಖಾಲಿ ಮಾತ್ರೆ ಕೊಟ್ಟಾಗ 35 ಶೇಕಡಾ ದಂಪತಿಗಳಿಗೆ ಮಗು ಹುಟ್ಟಿತು. ಲಾಭ ಕಾಣಲಿಲ್ಲ.

ಸಂದೇಶ: ಟೆಸ್ಟೊಸ್ಟಿರಾನ್ ಇಂಜೆಕ್ಷನ್ ತೆಗೆದುಕೊಂಡರೆ ಮಕ್ಕಳಾಗುತ್ತವೆ.
ವಾಸ್ತವ: ತದ್ವಿರುದ್ಧ. ಹೊರಗಿನಿಂದ ಟೆಸ್ಟೊಸ್ಟಿರಾನ್ ಕೊಟ್ಟರೆ ದೇಹ ವೀರ್ಯಾಣು ತಯಾರಿಸುವುದನ್ನೇ ನಿಲ್ಲಿಸಬಹುದು. ಜಿಮ್‌ನಲ್ಲಿ ಇಂಥದ್ದನ್ನು ತೆಗೆದುಕೊಂಡಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ.

ಸಂದೇಶ: ಹೆಸರಿಲ್ಲದ ಪುಡಿ, ಕಷಾಯ, "ಗುಪ್ತ ಔಷಧಿ"ಯಿಂದ ನೂರಕ್ಕೆ ನೂರು ಫಲ.
ವಾಸ್ತವ: ನೂರಕ್ಕೆ ನೂರು ಎನ್ನುವ ಚಿಕಿತ್ಸೆ ಯಾವುದೂ ಇಲ್ಲ, ಐವಿಎಫ್ ಕೂಡ ಅಲ್ಲ. ಏನು ಬೆರೆಸಿದ್ದಾರೆ ಎಂದು ಬರೆಯದ ಪುಡಿಯಲ್ಲಿ ಸೀಸದಂಥ ಲೋಹಗಳು ಇರುವ ಅಪಾಯವಿದೆ. ಅಶ್ವತ್ಥಕಟ್ಟೆ ಸುತ್ತುವುದು, ಹರಕೆ ಹೊರುವುದು ನಿಮ್ಮ ನಂಬಿಕೆ, ಅದರ ಜೊತೆಗೇ ಪರೀಕ್ಷೆಯೂ ನಡೆಯಲಿ.

ಸಂದೇಶ: ಕೂಡಿದ ಮೇಲೆ ಗಂಟೆಗಟ್ಟಲೆ ಕಾಲೆತ್ತಿ ಮಲಗಬೇಕು.
ವಾಸ್ತವ: ಬೇಕಿಲ್ಲ. ವೀರ್ಯಾಣುಗಳು ನಿಮಿಷಗಳಲ್ಲೇ ಗರ್ಭಕೋಶದ ಬಾಯಿ ದಾಟುತ್ತವೆ. ಆಮೇಲೆ ಹೊರಬರುವ ದ್ರವದಿಂದ ನಷ್ಟವಿಲ್ಲ.

ಸಂದೇಶ: ಐಯುಐನಲ್ಲಿ ಗೊತ್ತಿಲ್ಲದಂತೆ ಬೇರೆಯವರ ವೀರ್ಯ ಬೆರೆಸುತ್ತಾರೆ.
ವಾಸ್ತವ: ದಂಪತಿಯ ಲಿಖಿತ ಒಪ್ಪಿಗೆಯಿಲ್ಲದೆ ದಾನಿಯ ವೀರ್ಯ ಬಳಸುವಂತಿಲ್ಲ. ಸಹಿ ಹಾಕುವ ಮುನ್ನ ಒಪ್ಪಿಗೆ ಪತ್ರ ಓದಿ, ಕನ್ನಡದಲ್ಲಿ ವಿವರಿಸಲು ಕೇಳಿ.

ಸಂದೇಶ: ಇಂಥ ಚಿಕಿತ್ಸೆಯಲ್ಲಿ ಗಂಡು ಮಗುವೇ ಬೇಕೆಂದು ಕೇಳಬಹುದು.
ವಾಸ್ತವ: 1994ರ ಕಾಯ್ದೆಯ ಪ್ರಕಾರ ಲಿಂಗ ಆಯ್ಕೆ ಅಪರಾಧ. ಹಾಗೆ ಆಸೆ ತೋರಿಸುವ ಕಡೆ ಹೋಗಬೇಡಿ.

ಕ್ಲಿನಿಕ್‌ನಲ್ಲಿ ಕೇಳಬೇಕಾದ ಪ್ರಶ್ನೆಗಳು

2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯಡಿ ಇಂಥ ಚಿಕಿತ್ಸೆ ಕೊಡುವ ಕ್ಲಿನಿಕ್‌ಗಳು ನೋಂದಣಿ ಮಾಡಿಸಿರಬೇಕು. ಮಹಿಳೆಗೆ 50, ಪುರುಷನಿಗೆ 55 ವಯಸ್ಸಿನ ಮೇಲ್ಮಿತಿಯನ್ನೂ ಕಾಯ್ದೆ ಹೇಳುತ್ತದೆ. ಮೊದಲ ಹಂತದ ಪರೀಕ್ಷೆಗಳಿಗೆ ಮಾತ್ರ ದೊಡ್ಡ ಕೇಂದ್ರವೇ ಬೇಕೆಂದಿಲ್ಲ. ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ವಿಚಾರಿಸಬಹುದು. ಎಲ್ಲಿ ಹೋದರೂ ಇಬ್ಬರೂ ಒಟ್ಟಿಗೆ ಹೋಗಿ, ಹಳೆಯ ವರದಿಗಳನ್ನು ಒಂದೇ ಫೈಲಿನಲ್ಲಿಟ್ಟುಕೊಂಡು ಇಷ್ಟನ್ನು ಕೇಳಿ:

ನಮ್ಮ ಸಮಸ್ಯೆಗೆ ಕಾರಣ ಸಿಕ್ಕಿದೆಯೇ, ಅದು ಏನು?
ಇಬ್ಬರ ಮೊದಲ ಪರೀಕ್ಷೆಗಳೂ ಮುಗಿದಿವೆಯೇ?
ಈ ಚಿಕಿತ್ಸೆಗಿಂತ ಸರಳವಾದದ್ದು ನಮಗೆ ಏಕೆ ಆಗುವುದಿಲ್ಲ?
ನಮ್ಮ ವಯಸ್ಸಿನವರಲ್ಲಿ ನೂರಕ್ಕೆ ಎಷ್ಟು ಮಂದಿಗೆ ಇದರಿಂದ ಮಗು ಹುಟ್ಟುತ್ತದೆ? ಗರ್ಭ ನಿಲ್ಲುವುದರ ಲೆಕ್ಕವಲ್ಲ, ಮಗು ಹುಟ್ಟುವ ಲೆಕ್ಕ ಹೇಳಿ.
ಎಷ್ಟು ಸಲ ಪ್ರಯತ್ನಿಸಿ, ಯಾವಾಗ ನಿಲ್ಲಿಸುತ್ತೇವೆ?
ಔಷಧಿ, ಸ್ಕ್ಯಾನ್ ಎಲ್ಲ ಸೇರಿ ಒಟ್ಟು ಖರ್ಚೆಷ್ಟು?

ಐದನೇ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಆದರೆ ದುಡ್ಡು ಮತ್ತು ವರ್ಷ ಎರಡನ್ನೂ ಉಳಿಸುವುದು ಅದೇ.

ನೆನಪಿಡಬೇಕಾದದ್ದು

ಮಗುವಾಗದಿರುವುದು ಯಾರ ತಪ್ಪೂ ಅಲ್ಲ, ಹೆಣ್ಣೊಬ್ಬಳ ಸಮಸ್ಯೆಯೂ ಅಲ್ಲ. ಪರೀಕ್ಷೆ ವೀರ್ಯ ಪರೀಕ್ಷೆಯಿಂದ ಶುರುವಾಗಲಿ. 35ರೊಳಗೆ ಒಂದು ವರ್ಷ, ಆಮೇಲೆ ಆರು ತಿಂಗಳು, ಅದಕ್ಕಿಂತ ಹೆಚ್ಚು ಕಾಯಬೇಡಿ. ಮಾತ್ರೆಗೆ ಆರು ಚಕ್ರ, ಐಯುಐಗೆ ಮೂರು-ನಾಲ್ಕು ಸಲ ಎಂಬ ಗಡುವು ಇರಲಿ. ಐವಿಎಫ್ ಬೇಕೆಂದು ಕಾರಣಸಹಿತ ಗೊತ್ತಾದರೆ ಹಿಂಜರಿಯಬೇಡಿ.

ಇದು ಸಾಮಾನ್ಯ ಮಾಹಿತಿ ಮಾತ್ರ, ನಿಮ್ಮ ವೈದ್ಯರ ಸಲಹೆಗೆ ಬದಲಿ ಅಲ್ಲ. ಮುಂದಿನ ಸಲ ನಿಮ್ಮ ಕುಟುಂಬದ ಗುಂಪಿನಲ್ಲಿ "ಈ ಕಷಾಯ ಕುಡಿಯಿರಿ" ಎಂಬ ಸಂದೇಶ ಬಂದರೆ, ಅದನ್ನು ಮುಂದಕ್ಕೆ ಕಳಿಸುವ ಬದಲು ಮಕ್ಕಳಿಗಾಗಿ ಕಾಯುತ್ತಿರುವವರಿಗೆ ಮೇಲಿನ ಆರು ಪ್ರಶ್ನೆಗಳನ್ನು ಕಳಿಸಿ. ಗುಂಪಿಗೆ ಹಾಕಬೇಡಿ, ಅವರಿಬ್ಬರಿಗೆ ಮಾತ್ರ, ಖಾಸಗಿಯಾಗಿ ಕಳಿಸಿ.